ಜೇನು ಮುಟ್ಟದ ಹೂ

"ಗುರುಗಳೇ, ಹನ್ನೆರಡು ವರ್ಷದಿಂದ ದೇವರನ್ನು ಕರೆಯುತ್ತಿದ್ದೇನೆ. ಅವನೇಕೆ ಬರುವುದಿಲ್ಲ?" ಎಂದು ಸಂಗಯ್ಯ ಕೇಳಿದ. ಅವನದು ಬಲು ಮಡಿ. ನಸುಕಿನಲ್ಲೇ ಮಿಂದು, ಯಾರ ನೆರಳೂ ಸೋಕದಂತೆ ಬಾಗಿಲಿಗೆ ಅಗುಳಿ ಹಾಕಿ ಪೂಜೆಗೆ ಕೂರುವವನು.

ಗುರುಗಳು ಹೇಳಿದರು:

ನಿನ್ನಂಥವಳೇ ಒಬ್ಬಳಿದ್ದಳಪ್ಪಾ. ಅವಳ ಗಂಡ ಮನೆಯ ಗೋಡೆಯಲ್ಲಿ ಮಡಕೆಯಿಟ್ಟು ಜೇನು ಸಾಕಿದ್ದ. ಅವನು ತೀರಿಕೊಂಡ ವರ್ಷವೇ ಜೇನೂ ಎದ್ದು ಹೋಯಿತು. ಮದುವೆಯಾಗಿ ಬಂದ ದಿನದಿಂದ ಆ ಮೊರೆತ ಕೇಳುತ್ತ ಮಲಗಿದವಳಿಗೆ ಈಗ ನಿದ್ದೆ ಹತ್ತದು. ಗಂಡನಂತೂ ಬರುವುದಿಲ್ಲ, ಅವನ ಜೇನಾದರೂ ಬರಲಿ ಎಂದು ಹಂಬಲಿಸಿದಳು. ಖಾಲಿ ಮಡಕೆಗೆ ಕಿವಿಯಿಟ್ಟು ಕೂರುತ್ತಿದ್ದಳು.

ಜೇನಿಗೆ ಇಷ್ಟವೆಂದು ಯಾರೋ ಒಂದು ಹೂವಿನ ಬೀಜ ಕೊಟ್ಟರು. ಸುತ್ತ ನೇರಳೆ ಎಸಳು, ನಡುವೆ ಮುಳ್ಳುಮುಳ್ಳಾದ ದುಂಡನೆಯ ಗುಬುಟು. ಬಿಸಿಲು ಚೆನ್ನಾಗಿ ಬೀಳುವಲ್ಲಿ ಹಾಕು, ಗೊಬ್ಬರ ಸುರಿದು ಮುದ್ದು ಮಾಡಬೇಡ ಎಂದರು. ಅಂಗಳದಲ್ಲಿ ಹಾಕಿದಳು. ಮೊದಲ ವರ್ಷ ಬರೀ ಎಲೆ. ಅದೂ ಒಣಗಿತು, ಸತ್ತೇಹೋಯಿತೆಂದು ಅತ್ತಳು. ಮಳೆ ಬಿದ್ದ ಮೇಲೆ ಬುಡದಿಂದ ಚಿಗುರಿ, ಅಂಗಳದ ತುಂಬ ಹೂ ಬಿಟ್ಟಿತು.

ಜೇನು ಮಾತ್ರ ನಿಲ್ಲಲಿಲ್ಲ. ಹೇಗೆ ನಿಂತೀತು? ಜೇನು ಮುಟ್ಟಿದ ಹೂ ಎಂಜಲಲ್ಲವೇ? ದೇವರಿಗೆ ಎಂಜಲು ಸಲ್ಲದೆಂದು ಈ ಪುಣ್ಯಾತ್ಗಿತ್ತಿ ಹೊತ್ತು ಹುಟ್ಟುವ ಮುಂಚೆ ಒಂದೂ ಬಿಡದೆ ಹೂ ಬಿಡಿಸಿ, ದೇವರ ತಲೆಯ ಮೇಲಿಟ್ಟು, ನನ್ನ ಜೇನು ಕಳಿಸಪ್ಪಾ ಎಂದು ಬೇಡುತ್ತಿದ್ದಳು. ಹೀಗೆ ಎರಡು ವರ್ಷ ಕಳೆಯಿತು.

ಒಮ್ಮೆ ಜ್ವರ ಬಂದು ಮೂರು ದಿನ ಮಲಗಿದಳು. ಹೂ ಗಿಡದಲ್ಲೇ ಉಳಿಯಿತು. ಮೂರನೆಯ ದಿನ ಬಿಸಿಲೇರಿದಾಗ ಅಂಗಳದಿಂದ ಮೊರೆತ ಕೇಳಿಸಿತು. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಒಂದೊಂದು ಹೂವಿನ ಮೇಲೂ ಜೇನು ಕೂತಿತ್ತು. ಗಂಜಿ ತಂದಿದ್ದ ನೆರೆಮನೆಯ ಮುದುಕಿಯ ಕೈ ಹಿಡಿದು, "ಎಲ್ಲ ಎಂಜಲಾಯಿತಲ್ಲ ಅತ್ತೆ, ನಾಳೆ ದೇವರಿಗೇನು ಇಡಲಿ?" ಎಂದಳು.

ಮುದುಕಿ ಗಂಜಿ ಕೆಳಗಿಟ್ಟಳು. "ಊಟಕ್ಕೆ ಕರೆದವಳೂ ನೀನೇ, ಬಂದವರ ಮುಂದಿನ ಎಲೆ ಎತ್ತಿದವಳೂ ನೀನೇ. ಅವು ದಿನಾ ಬಂದು, ಬರಿ ಗಿಡ ನೋಡಿ ಹೋಗುತ್ತಿದ್ದವು ಕಣವ್ವಾ."

ಅವಳು ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಮರುದಿನ ಹೂಬುಟ್ಟಿ ಮುಟ್ಟಲಿಲ್ಲ. ಬರಿಗೈಯನ್ನೇ ದೇವರಿಗೆ ಮುಗಿದಳು.

ಗುರುಗಳು ಇಷ್ಟಕ್ಕೆ ಕಥೆ ನಿಲ್ಲಿಸಿದರು. ಸಂಗಯ್ಯನಿಗೆ ತಡೆಯಲಾಗಲಿಲ್ಲ. ಜೇನು ಮತ್ತೆ ಆ ಮಡಕೆಗೆ ಬಂತೇ ಎಂದು ಕೇಳಿದ.

"ಅದಿರಲಿ ಸಂಗಯ್ಯಾ, ಇವತ್ತು ನೀನು ಅಗುಳಿ ಹಾಕಿ ಕೂತಿದ್ದಾಗ ಹೊರಗೆ ಯಾರೋ ಬಹಳ ಹೊತ್ತು ಬಾಗಿಲು ತಟ್ಟುತ್ತಿದ್ದರಲ್ಲ, ಯಾರದು?"