ಬಾರದ ಡಿಸ್ಕಿಗೆ ಕಾದ ಲ್ಯಾಪ್‌ಟಾಪು

"ಬುದ್ಧಿ, ಬಿಟ್ಟು ಹೋದವನನ್ನು ಮರೆತುಬಿಡಬೇಕೇ, ಕಾಯುತ್ತಿರಬೇಕೇ?"

ಕೇಳಿದವನು ಚೆನ್ನಮಲ್ಲ, ಮಠದ ಮಕ್ಕಳಿಗೆ ಪಾಠ ಹೇಳುವ ಶಿಷ್ಯ. ಅವನ ಜೊತೆಯ ಮರಿದೇವ ಜಗಳ ಮಾಡಿಕೊಂಡು ಮಠ ಬಿಟ್ಟು ಹೋಗಿದ್ದ. ಅಂದಿನಿಂದ ಚೆನ್ನಮಲ್ಲ ದಿನಾ ಬೆಳಗ್ಗೆ ಬಸ್ಸು ಬಂದು ಹೋಗುವ ತನಕ ಹೆಬ್ಬಾಗಿಲಲ್ಲಿ ನಿಲ್ಲುತ್ತಿದ್ದ. ಮಕ್ಕಳು ಪುಸ್ತಕ ತೆರೆದುಕೊಂಡು ಕೂತಿರುತ್ತಿದ್ದರು. ಈಚೆಗೆ ಕೆಲವರು ಬರುವುದನ್ನೇ ಬಿಟ್ಟಿದ್ದರು.

"ಅಯ್ಯೋ, ನನಗೂ ಸಾಕಾಗಿದೆಯಪ್ಪ" ಎಂದರು ಗುರುಗಳು. "ಮರೆ ಎಂದರೆ ಮುಖ ಊದಿಸಿಕೊಳ್ಳುತ್ತೀಯ. ಕಾಯಿ ಎಂದರೆ ಇದ್ದಬದ್ದ ಮಕ್ಕಳನ್ನೂ ಓಡಿಸುತ್ತೀಯ. ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ."

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರು ಸೇರಿ ಫೋಟೋ ಸ್ಟುಡಿಯೊ ಇಟ್ಟಿದ್ದರು. ಫೋಟೋ ತೆಗೆಯುವುದು, ಗಿರಾಕಿಗಳನ್ನು ಮಾತಾಡಿಸುವುದು ಅಣ್ಣನ ಪಾಲು. ಮದುವೆ ವಿಡಿಯೊ ಜೋಡಿಸುವುದು, ಯಂತ್ರಗಳ ಉಸಾಬರಿಯೆಲ್ಲ ತಮ್ಮನ ಪಾಲು. ಅಂಗಡಿಗೆ ಇದ್ದದ್ದು ಒಂದೇ ಲ್ಯಾಪ್‌ಟಾಪು. ಅದನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿದವನೂ ತಮ್ಮನೇ. ನಮ್ಮ ಆಫೀಸಿನಲ್ಲೂ ಅದೇ ಇದೆಯಲ್ಲ, ನೀನು ನೋಡಿದ್ದೀಯ.

ದೊಡ್ಡ ಮದುವೆಯ ವಿಡಿಯೊ ಹಿಡಿದರೆ ಲ್ಯಾಪ್‌ಟಾಪಿಗೆ ಮೆಮೊರಿ ಸಾಲುತ್ತಿರಲಿಲ್ಲ. ನಡುವೆ ನಿಂತುಬಿಡುತ್ತಿತ್ತು. ತಮ್ಮ ಬೇರೊಂದು ಡಿಸ್ಕು ತಂದು ವೈರಿನಲ್ಲಿ ಸಿಕ್ಕಿಸಿದ. ಲ್ಯಾಪ್‌ಟಾಪಿಗೆ ಹೊರಲಾಗದ ಭಾರವನ್ನು ಆ ಡಿಸ್ಕು ಹೊರುವಂತೆ ಮಾಡಿದ. ಅದಕ್ಕೆ ತನ್ನ ಹೆಸರನ್ನೇ ಇಟ್ಟ. ಲ್ಯಾಪ್‌ಟಾಪು ಏಳುವಾಗ ಈ ಡಿಸ್ಕನ್ನು ಜೊತೆಗೆ ಕರೆದುಕೊಂಡೇ ಮುಂದೆ ಹೋಗಬೇಕು ಎಂದು ಒಳಗೆ ಒಂದು ಸಾಲು ಬರೆದಿಟ್ಟ. ಅಣ್ಣನಿಗೆ ಇದರ ಗಂಧಗಾಳಿ ಇರಲಿಲ್ಲ.

ಒಂದು ಸಲ ಮದುವೆಯ ವಿಡಿಯೊ ತಡವಾಯಿತು. ಹುಡುಗಿಯ ಕಡೆಯವರು ಅಂಗಡಿಗೆ ಬಂದು ಕೂಗಾಡಿದರು. ಅಣ್ಣ ಅವರ ಎದುರಿಗೇ ತಮ್ಮನನ್ನು ಬಾಯಿಗೆ ಬಂದಂತೆ ಬೈದ. ನೀನು ಇಲ್ಲಿ ದಂಡಕ್ಕೆ ಇದ್ದೀಯ ಎಂದ. ತಮ್ಮ ತನ್ನ ಡಿಸ್ಕನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಬೇರೆ ಊರಿನಲ್ಲಿ ಯಾರದೋ ಸ್ಟುಡಿಯೊ ಸೇರಿದ. ಅಣ್ಣ ಫೋನು ಮಾಡಿದರೆ ಎತ್ತಲಿಲ್ಲ.

ಮರುದಿನದಿಂದ ಲ್ಯಾಪ್‌ಟಾಪು ಏಳಲು ಸತಾಯಿಸತೊಡಗಿತು. ಗುಂಡಿ ಒತ್ತಿದರೆ ಒಂದು ಚಿತ್ರ ಬರುತ್ತಿತ್ತು, ಅದರ ಕೆಳಗೆ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಏಳುತ್ತಿತ್ತು. ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಕರೆಂಟು ಹೋದಾಗಲೆಲ್ಲ ಮತ್ತೆ ಮೊದಲಿನಿಂದ ಅದೇ ಗೋಳು. ಅರ್ಜಿಗೆ ಫೋಟೋ ಬೇಕೆಂದು ಬಂದವರು ನಿಂತು ನಿಂತು ಎದುರಿನ ಅಂಗಡಿಗೆ ನಡೆದರು. ಅಣ್ಣ ಗಲ್ಲಕ್ಕೆ ಕೈಕೊಟ್ಟು ಆ ಚಕ್ರವನ್ನೇ ನೋಡುತ್ತ ಕೂರುತ್ತಿದ್ದ. ಅಂಗಡಿ ಮುಚ್ಚಿಬಿಡೋಣ ಎನ್ನುವಷ್ಟು ಬೇಸತ್ತ.

ಆದರೂ ಪ್ರಯತ್ನ ಬಿಡಲಿಲ್ಲ. ಯಂತ್ರ ಹಳೆಯದಾಯಿತು ಎಂದುಕೊಂಡು ಧೂಳು ಹೊಡೆಸಿದ. ಹೊಸ ಮೆಮೊರಿ ಹಾಕಿಸಿದ. ಊಹೂಂ. ಆಮೇಲೆ ಪಕ್ಕದ ಝೆರಾಕ್ಸ್ ಅಂಗಡಿಯವನನ್ನು ಕರೆದ. ಲ್ಯಾಪ್‌ಟಾಪು ಏಳುವಾಗ ಒಳಗಿನ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳುವ ಆಜ್ಞೆ ಒಂದಿದೆ. ಅವನು ಅದನ್ನು ಹಾಕಿ ನೋಡಿದ. ಮೊದಲು ಇಂಟರ್‌ನೆಟ್ಟಿನ ಹೆಸರು ಬಂತು, ಆಮೇಲೆ ಪ್ರಿಂಟರಿನದು. ಸರಿ, ಅವುಗಳ ಮೇಲೆ ಗೂಬೆ ಕೂರಿಸಿ ಎರಡನ್ನೂ ನಿಲ್ಲಿಸಿದ. ಲ್ಯಾಪ್‌ಟಾಪು ಮೊದಲಿನಷ್ಟೇ ತಡ ಮಾಡಿತು. ಮೇಲಾಗಿ ಫೋಟೋ ಪ್ರಿಂಟಾಗುವುದೂ ನಿಂತಿತು. ಆ ಆಜ್ಞೆ ಕೆಲಸಕ್ಕೆ ಬಂದವರ ಹೊತ್ತನ್ನು ಮಾತ್ರ ಹೇಳುತ್ತದೆ ಕಣಪ್ಪ, ಬಾರದೆ ಉಳಿದವನ ಸುದ್ದಿ ಎತ್ತುವುದಿಲ್ಲ. ಪಾಪ, ದುಡಿಯುವ ಎರಡು ಬೈಸಿಕೊಂಡವು.

ಕೊನೆಗೆ ಅಣ್ಣ ಲ್ಯಾಪ್‌ಟಾಪನ್ನು ಎತ್ತಿಕೊಂಡು ರಿಪೇರಿ ಮಾಡುವ ಒಬ್ಬ ಹೆಂಗಸಿನ ಬಳಿಗೆ ಹೋದ. ಅವಳಿಗೂ ಬೆಳಗಿನಿಂದ ಕೂತು ಕೂತು ಸೊಂಟ ನೋಯುತ್ತಿತ್ತು. ಗೊಣಗುತ್ತಲೇ ಗುಂಡಿ ಒತ್ತಿದಳು. ಚಿತ್ರ ಬಂದ ಕೂಡಲೇ ಇನ್ನೊಂದು ಕೀಲಿ ಒತ್ತಿ ಅದನ್ನು ಸರಿಸಿದಳು. ಹಿಂದೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಿದ್ದವು. ಉಳಿದದ್ದೆಲ್ಲ ಸಿದ್ಧವಾಗಿ ಕೂತಿತ್ತು. ಪಂಕ್ತಿಯಲ್ಲಿ ಒಂದು ಎಲೆಗೆ ಬಡಿಸದಿದ್ದರೆ ಉಳಿದವರು ಅನ್ನಕ್ಕೆ ಕೈ ಹಾಕುವುದಿಲ್ಲವಲ್ಲ, ಹಾಗೆ. ಕೊನೆಯ ಸಾಲು ಮಾತ್ರ ಇಂಥ ಡಿಸ್ಕಿಗಾಗಿ ಕಾಯುತ್ತಿದ್ದೇನೆ ಎನ್ನುತ್ತಿತ್ತು.

ಅಣ್ಣ ಅಲ್ಲಿ ತಮ್ಮನ ಹೆಸರು ಓದಿದ.

"ಆ ಡಿಸ್ಕು ಹೋಯಿತು ತಾನೇ?" ಎಂದಳು ಅವಳು. "ಆ ಸಾಲು ಅಳಿಸಿಬಿಡುತ್ತೇನೆ. ಥಟ್ಟನೆ ಏಳುತ್ತದೆ."

"ಅಳಿಸಬೇಡಮ್ಮ. ಅದು ನನ್ನ ತಮ್ಮನ ಹೆಸರು. ಆಡಬಾರದ ಮಾತಾಡಿ ಕಳಿಸಿದ್ದೇನೆ. ಹೆಸರನ್ನೂ ನಾನೇ ಅಳಿಸಿದೆ ಎಂದಾಗುವುದು ಬೇಡ."

"ಒಳ್ಳೇ ಫಜೀತಿಯಾಯಿತಲ್ಲಣ್ಣ. ಬೇಗ ಏಳಬೇಕು, ಹೆಸರೂ ಇರಬೇಕು." ಅವಳು ಕಣ್ಣುಜ್ಜಿಕೊಂಡಳು. "ಸಾಲಿನ ಕೊನೆಗೆ ಒಂದು ಪದ ಸೇರಿಸಬಹುದು. ಬಂದರೆ ಜೊತೆಗೆ ಕರೆದುಕೋ, ಬಾರದಿದ್ದರೆ ನಿಲ್ಲಬೇಡ ಎಂದು ಅದರ ಅರ್ಥ. ಹೆಸರು ಇದ್ದಲ್ಲೇ ಇರುತ್ತದೆ. ಆದೀತೇ?"

ಅಣ್ಣ ತಲೆಯಾಡಿಸಿದ. ಅವಳು ಆ ಪದ ಸೇರಿಸಿದಳು. ಝೆರಾಕ್ಸಿನವನು ನಿಲ್ಲಿಸಿದ್ದ ಎರಡನ್ನೂ ಮತ್ತೆ ಶುರು ಮಾಡಿಕೊಟ್ಟಳು.

ಮರುದಿನ ಅಣ್ಣ ಅಂಗಡಿಯ ಕಸ ಗುಡಿಸಿ ಬರುವಷ್ಟರಲ್ಲಿ ಲ್ಯಾಪ್‌ಟಾಪು ಎದ್ದು ಕೂತಿತ್ತು. ಅದನ್ನು ಕಂಡು ಅವನಿಗೆ ಸಂತೋಷವಾಗಲಿಲ್ಲ. ಯಂತ್ರವೂ ತಮ್ಮನ ಕೈಬಿಟ್ಟಿತಲ್ಲ ಎನಿಸಿ ಅತ್ತುಬಿಟ್ಟ. ಆಗ ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ತಾಯಿ ಬಂದು, "ಫೋಟೋ ಆಗುತ್ತಾ ಅಣ್ಣಾ?" ಎಂದು ಕೇಳಿದಳು. ಅಣ್ಣ ಮುಖ ತೊಳೆದುಕೊಂಡ. ಚಿಟಿಕೆ ಹೊಡೆದು ಕೂಸನ್ನು ನಗಿಸಿ ಫೋಟೋ ತೆಗೆದುಕೊಟ್ಟ. ದೊಡ್ಡ ಮದುವೆಗಳನ್ನು ಹಿಡಿಯಲು ಅವನೊಬ್ಬನಿಂದ ಆಗುತ್ತಿರಲಿಲ್ಲ. ಸಣ್ಣಪುಟ್ಟ ಕೆಲಸ ಮಾಡಿಕೊಂಡು ಅಂಗಡಿ ನಡೆಸಿದ. ತಮ್ಮನ ನೆನಪು ಬಂದ ದಿನ ಫೋನು ಮಾಡುತ್ತಿದ್ದ. ಎತ್ತದಿದ್ದರೆ ನಿಟ್ಟುಸಿರು ಬಿಟ್ಟು ಮುಂದಿನ ಗಿರಾಕಿಯನ್ನು ಕರೆಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ಗೋಡೆಗೆ ಒರಗಿದರು.

ಚೆನ್ನಮಲ್ಲನಿಗೆ ತಡೆಯಲಾಗಲಿಲ್ಲ. "ಬುದ್ಧಿ, ಕೊನೆಗೆ ತಮ್ಮ ಬಂದನೇ?"

"ಬಂದನೋ ಬಿಟ್ಟನೋ ನನಗೇನು ಗೊತ್ತಯ್ಯ, ಬರುವುದಾದರೂ ತೆರೆದ ಅಂಗಡಿಗೆ ತಾನೇ ಬರಬೇಕು?"

ಚೆನ್ನಮಲ್ಲ ಎದ್ದು ಮಕ್ಕಳಿಗೆ ಪಾಠ ಹೇಳಲು ಹೊರಟ.