ಔತಣಕ್ಕೆ ಹೊರಟ ಏಡಿ

ಸಮುದ್ರದ ತಳದಲ್ಲಿ ಒಂದು ಏಡಿ ಸದಾ ಬೆನ್ನ ಮೇಲೆ ಒಂದು ಜೀವಂತ ಸ್ಪಂಜನ್ನು ಹೊತ್ತುಕೊಂಡೇ ತಿರುಗುತ್ತಿತ್ತು. ಒಮ್ಮೆ ಬಂಡೆಯಾಚೆಯ ನೆಂಟರ ಮನೆಗೆ ಔತಣಕ್ಕೆ ಹೊರಟಾಗ ಅದಕ್ಕೆ ಯಾಕೋ ನಾಚಿಕೆಯಾಯಿತು.

"ಇಳಿಯಪ್ಪ ಇನ್ನು. ನನಗೆ ಹೃದಯವಿದೆ, ಹೊಟ್ಟೆಯಿದೆ, ಮೆದುಳಿದೆ. ಒಂದೊಂದಕ್ಕೂ ಒಂದೊಂದು ಕೆಲಸ. ನೀನೋ ಬರೀ ಜೀವಕೋಶಗಳ ಗುಂಪು, ಉಣ್ಣಲು ಬಾಯಿ ಕೂಡ ಇಲ್ಲ. ಇದು ಯಾರು ಅಂತ ನೆಂಟರು ಕೇಳಿದರೆ ನಾನೇನು ಹೇಳಲಿ?"

ಬಾಯಿಲ್ಲದಿದ್ದರೂ ಸ್ಪಂಜು ವಿನಯದಿಂದ ಹೇಳಿತು: "ಆಗಲಿ ಸ್ವಾಮಿ, ಇಳಿಸಿ. ನಾನು ಎಲ್ಲಿ ಬಿಟ್ಟರೂ ಬದುಕಿಕೊಳ್ಳುತ್ತೇನೆ."

ಅದನ್ನು ಮರಳಿನ ಮೇಲಿಳಿಸಿ ಏಡಿ ನಾಲ್ಕು ಹೆಜ್ಜೆ ಹೋಗಿತ್ತಷ್ಟೆ, ಎದುರಿಗೇ ಹಸಿದ ಆಕ್ಟೋಪಸ್! ಹೃದಯ ಡವಡವ ಹೊಡೆದುಕೊಂಡಿತು, ಹೊಟ್ಟೆ ತೊಳಸಿತು, ಮೆದುಳಿಗೆ ಮಂಕು ಕವಿಯಿತು. ಕಾಲುಗಳು ಮಾತ್ರ ಯಾರನ್ನೂ ಕೇಳದೆ ಹಿಂದಕ್ಕೋಡಿ ಸ್ಪಂಜಿನ ಅಡಿಗೆ ನುಗ್ಗಿದವು.

ಆಕ್ಟೋಪಸ್ ಮೇಲಿಂದ ತಡವಿ ನೋಡಿ, "ಥೂ, ಬರೀ ಸ್ಪಂಜು!" ಎಂದು ಹೊರಟುಹೋಯಿತು.

"ಈಗ ನೆಂಟರು ಕೇಳಿದರೆ ಏನು ಹೇಳುತ್ತೀರಿ ಸ್ವಾಮಿ?" ಎಂದಿತು ಸ್ಪಂಜು.

ಏಡಿ ಹಿಂಗಾಲುಗಳಿಂದ ಅದನ್ನು ಬಿಗಿಯಾಗಿ ಹಿಡಿದು ಬೆನ್ನಿಗೇರಿಸಿಕೊಂಡಿತು. "ನಮ್ಮ ಮನೆಯ ಹಿರಿಯರು ಅಂತ ಹೇಳುತ್ತೇನೆ. ಸರಿಯಾಗಿ ಕೂತುಕೊಳ್ಳಿ ಅಜ್ಜಾ!"