ಹಳದಿಯಲ್ಲಿ ಜಾಗ ಕೇಳಿದ ಔಷಧಿ

ಜ್ವರ ಇಳಿದ ಬೂದು ಕೋಳಿ ಮಂಪರಿನಲ್ಲಿ ತೇಲುತ್ತಿತ್ತು. ಹೊಟ್ಟೆಯೊಳಗಿನ ಮಾತು ಅದಕ್ಕೆ ಎಲ್ಲೋ ನೀರಿನಾಚೆಯಿಂದ ಬಂದಂತೆ ಕೇಳಿಸಿತು. ರೋಗವನ್ನು ಕೊಂದು ಮುಗಿಸಿದ ಔಷಧಿ ಹೊರಡುವ ಬದಲು ಕರುಳಿನ ಗೋಡೆ ದಾಟಲು ನಿಂತಿತ್ತು. ಮನೆಯೊಡತಿ ನುಚ್ಚಿಗೆ ಕಲಸಿ ಹಾಕಿದ ಮಜ್ಜಿಗೆಯೊಡನೆ ಬಂದಿದ್ದ ಒಳ್ಳೆಯ ಜೀವಾಣು ದಾರಿಗೆ ಅಡ್ಡ ಕುಳಿತಿತ್ತು.

“ಪಕ್ಕಕ್ಕೆ ಸರಿಯಮ್ಮ ಹುಳಿಮೋರೆ,” ಎಂದಿತು ಔಷಧಿ. “ಇವಳನ್ನು ಬದುಕಿಸಿದ್ದು ನಾನು. ಇವಳ ಮೊಟ್ಟೆಯ ಹಳದಿಯಲ್ಲಿ ಕೆಲವು ದಿನ ಮಲಗುತ್ತೇನೆ.”

“ಉಪಕಾರ ದೊಡ್ಡದು, ಸ್ವಾಮಿ. ಆದರೆ ಆ ಮೊಟ್ಟೆ ತಿನ್ನುವುದು ಈ ಮನೆಯ ಮಗು.”

ದಿನವೂ ನುಚ್ಚು ಎರಚುವ ಪುಟ್ಟ ಕೈ ಕೋಳಿಗೆ ಮಂಪರಿನಲ್ಲೂ ಕಂಡಿತು. ಅದು ರೆಕ್ಕೆ ಬಿಗಿಹಿಡಿಯಿತು.

“ಮಗುವಿಗೆ ನಾನೇನು ಮಾಡಿಯೇನು? ನಾನು ಕಾಯುವವನು.”

“ನಿಮಗೆ ಬರುವುದು ಕೊಲ್ಲುವ ಕೆಲಸ. ರೋಗದ ಜೊತೆ ನನ್ನ ಬಳಗದಲ್ಲೂ ಅರ್ಧ ಜನರನ್ನು ಮುಗಿಸಿದಿರಿ. ಅನಿವಾರ್ಯವೆಂದು ಸುಮ್ಮನಿದ್ದೆ. ಕಾಯಿಲೆಯೇ ಇಲ್ಲದ ಮಗುವಿನ ಹೊಟ್ಟೆಯಲ್ಲಿ ನನ್ನಂಥವರನ್ನು ಬಿಟ್ಟು ಇನ್ನಾರನ್ನು ಕೊಲ್ಲುತ್ತೀರಿ?”

ಔಷಧಿ ಕರುಳಿನ ಗೋಡೆಯಿಂದ ಹಿಂದೆ ಸರಿಯಿತು. ಅಷ್ಟು ದೊಡ್ಡ ವೀರ ತಲೆ ತಗ್ಗಿಸಿಕೊಂಡು, ಹಿಕ್ಕೆ ಹೋಗುವ ದಾರಿ ಹಿಡಿದು ಹೊರಟುಹೋದ.

ಕೋಳಿ ರೆಕ್ಕೆ ಸಡಿಲಿಸಿ ನಿದ್ದೆಹೋಯಿತು.